ಪಾಪದ ಕೂಸು

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇರುವುದು ಎರಡೇ ಬಿರುದು. ಒಂದು ‘ಜೋರು’, ಇನ್ನೊಂದು ‘ಪಾಪ’. ತೊಟ್ಟಿಲು ನೋಡಲು ಬಂದವರು ಯಾರೋ ಹೇಳಿಬಿಡುತ್ತಾರೆ, ಅದು ಜನ್ಮಕ್ಕೆ ಅಂಟಿಕೊಳ್ಳುತ್ತದೆ. ನನಗೆ ಸಿಕ್ಕಿದ್ದು ಜೋರು. ನನಗಿಂತ ಕೆಲವೇ ತಿಂಗಳಿಗೆ ಚಿಕ್ಕವಳಾದ ನನ್ನ ಚಿಕ್ಕಪ್ಪನ ಮಗಳಿಗೆ ಸಿಕ್ಕಿದ್ದು ಪಾಪ. ನಾವು ಕಳಸದಲ್ಲಿ, ಅವರು ಅಲ್ಲಿಂದ ಸ್ವಲ್ಪ ಮುಂದೆ ಸಂಸೆಯಲ್ಲಿ. ಬಸ್ಸು ಹತ್ತಿ ಕೂತು ಟಿಕೆಟ್ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಆದರೆ ಜೋರಿನಿಂದ ಪಾಪಕ್ಕೆ ಹೋಗುವ ಬಸ್ಸು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಬೇರೆ ಊರಿನವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಳಸ, ಮೂಡಿಗೆರೆ ಕಡೆ ‘ಪಾಪದವಳು’ ಎಂದರೆ ಪಾಪ ಮಾಡಿದವಳಲ್ಲ. ಕಪಟ ಗೊತ್ತಿಲ್ಲದವಳು, ಮೆತ್ತಗಿನವಳು, ಎದುರು ಮಾತಾಡದವಳು. ಅದು ಬೈಗುಳವಲ್ಲ, ಸರ್ಟಿಫಿಕೇಟು. ‘ಜೋರು’ ಎಂಬುದೂ ಬೈಗುಳವಲ್ಲ ಎಂದು ನಮ್ಮವರು ಆಣೆ ಹಾಕಿ ಹೇಳುತ್ತಾರೆ. ನಾನು ನಂಬುವುದಿಲ್ಲ. ಮೂಡಿಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾ ತಲೆ ಹಣ್ಣು ಮಾಡಿಕೊಂಡವಳು ನಾನು. ಒಂದು ಪದ ಹೇಳುವಾಗ ಜನರ ಹುಬ್ಬು ಎಲ್ಲಿರುತ್ತದೆ ಎಂದು ನೋಡಿದರೆ ಸಾಕು, ಅರ್ಥ ತಿಳಿಯುತ್ತದೆ.

ಪಾಪದವಳಾಗಿದ್ದರೆ ಏನೆಲ್ಲ ಸಿಗುತ್ತದೆ ಎಂದು ನನ್ನನ್ನು ಕೇಳಬೇಕು. ಹಬ್ಬದ ಊಟದಲ್ಲಿ ಕೊನೆಯ ಹೋಳಿಗೆ ಅವಳ ಎಲೆಗೆ. ‘ಪಾಪ, ಅದು ಕೇಳುದಿಲ್ಲ, ಬಡಿಸಿ.’ ನಾನು ಕೇಳುತ್ತಿದ್ದೆ, ಅದಕ್ಕೇ ಸಿಗುತ್ತಿರಲಿಲ್ಲ. ಆಗ ಕುದುರೆಮುಖದಲ್ಲಿ ಗಣಿ ಕೆಲಸ ನಡೆಯುತ್ತಿತ್ತು. ಅಲ್ಲಿ ನೌಕರಿಯಲ್ಲಿದ್ದ ನೆಂಟರೊಬ್ಬರು ಒಂದು ಸಲ ಹೊಳೆಯುವ ಕಂಪಾಸ್ ಬಾಕ್ಸ್ ತಂದರು. ಇದ್ದದ್ದು ಒಂದೇ. ಲೆಕ್ಕದಲ್ಲಿ ಅವಳಿಗಿಂತ ನಾನು ಮುಂದಿದ್ದೆ, ವೃತ್ತವನ್ನು ಬಳೆ ಇಟ್ಟು ಎಳೆಯುತ್ತಿದ್ದವಳೂ ನಾನೇ. ಬಾಕ್ಸ್ ಹೋದದ್ದು ಸಂಸೆಗೆ. ‘ನೀನು ಜೋರಿದ್ದಿ, ಹ್ಯಾಗಾದ್ರೂ ಇನ್ನೊಂದು ಸಂಪಾದಿಸ್ತಿ’ ಎಂದು ನನ್ನ ಅಪ್ಪನೇ ಹೇಳಿದರು. ಆ ಮುಳ್ಳುಕಂಪಾಸಿನ ಮೊನೆ ನನಗೆ ಇನ್ನೂ ಚುಚ್ಚುತ್ತದೆ.

ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಿತ್ತು. ಅವಳು ನಿಜವಾಗಿಯೂ ಪಾಪದವಳು. ಬಾಕ್ಸನ್ನು ಮರುದಿನ ನನಗೇ ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಅದನ್ನು ನೋಡಿದ ಮನೆಯವರು ‘ಪಾಪ, ಕೊಡ್ಲಿಕ್ಕೆ ಬಂದದ್ದು’ ಎಂದು ಅವಳ ತಲೆ ಸವರಿದರು.

ಒಂದೇ ಒಂದು ವಿಷಯದಲ್ಲಿ ನಾನು ಅವಳನ್ನು ಹಿಂದೆ ಹಾಕಿದ್ದೆ. ನನಗೆ ಸಿಕ್ಕಿದ ಗಂಡ. ಮೈಸೂರಿನ ಕಡೆಯವರು, ದನದ ಡಾಕ್ಟರು, ಸರ್ಕಾರಿ ಕೆಲಸ, ನೋಡಲೂ ಲಕ್ಷಣವಾಗಿದ್ದರು. ನಮ್ಮಿಬ್ಬರಲ್ಲಿ ಮೊದಲು ಮದುವೆ ಗೊತ್ತಾದದ್ದು ನನಗೆ. ಅವಳಿಗೆ ಆಮೇಲೆ ಸಂಸೆಯಲ್ಲೇ, ಕಾಫಿ ತೋಟದ ಮನೆಗೆ ಆಯಿತು. ಅಷ್ಟು ದೂರದಿಂದ ಹುಡುಕಿಕೊಂಡು ನನ್ನನ್ನು ನೋಡಲು ಬಂದರಲ್ಲ ಎಂಬ ಜಂಬ ನನಗೆ ಮೊನ್ನೆ ಮೊನ್ನೆಯವರೆಗೂ ಇತ್ತು.

ಅವರು ನೋಡಲು ಬಂದ ದಿನದ ಕಥೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ. ಗೋಣಿಬೀಡಿನಲ್ಲಿ ನಮ್ಮ ದೊಡ್ಡಮ್ಮನ ಮನೆ. ಸಂಬಂಧ ತಂದವರು ಅವರೇ. ತಾಯಿ, ಮಗ ಅಲ್ಲಿ ಇಳಿದು ಕಾಫಿ ಕುಡಿದು, ಜೀಪು ಮಾಡಿಕೊಂಡು ಕಳಸಕ್ಕೆ ಬಂದರು. ನಮ್ಮ ಮನೆಗೆ ಫೋನು ಬಂದದ್ದೇ ಅವರು ಗೋಣಿಬೀಡು ಬಿಟ್ಟ ಮೇಲೆ. ಅಮ್ಮನಿಗೆ ಸಿಹಿ ಮಾಡಲು ಪುರುಸೊತ್ತಾಗಲಿಲ್ಲ. ಇದ್ದ ಹಿಟ್ಟಿಗೆ ನೀರುದೋಸೆ ಹೊಯ್ದು, ಜೀರಿಗೆ ಮೆಣಸಿನ ಚಟ್ನಿ ಅರೆದಳು. ಈ ಮೆಣಸು ನೋಡಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಖಾರ ಮಾತ್ರ ಬ್ರಹ್ಮರಂಧ್ರಕ್ಕೆ. ಬಯಲುಸೀಮೆಯ ಮನುಷ್ಯ, ತೆಂಗಿನಕಾಯಿ ಚಟ್ನಿಯೆಂದುಕೊಂಡು ದೋಸೆಯ ತುಂಬ ಬಳಿದು ಬಾಯಿಗಿಟ್ಟರು. ಕಣ್ಣು, ಮೂಗು ಎಲ್ಲ ಸುರಿಯತೊಡಗಿತು. ಆದರೂ ನೀರು ಕೇಳಲಿಲ್ಲ, ತಟ್ಟೆ ಸರಿಸಲಿಲ್ಲ. ಒರೆಸಿಕೊಳ್ಳುತ್ತಾ ತಿಂದರು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ತಡೆಯಲಿಲ್ಲ. ‘ಅಮ್ಮಾ, ಪಾಪದವ್ರು ಅಮ್ಮಾ. ಯಾರಾದ್ರೂ ನೀರು ಕೊಡ್ಬಾರ್ದಾ?’ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿ, ಯಾರೂ ಕರೆಯುವ ಮೊದಲೇ ಲೋಟ ಹಿಡಿದುಕೊಂಡು ಜಗಲಿಗೆ ಹೋಗಿಬಿಟ್ಟೆ. ನೋಡಲು ಬಂದವರ ಮುಂದೆ ಹುಡುಗಿ ಹಾಗೆ ನುಗ್ಗಬಾರದು ಎಂದು ಅಮ್ಮ ಆಮೇಲೆ ವಾರಗಟ್ಟಲೆ ಬೈದಳು.

ಮಾತಾಡಿಕೊಳ್ಳಿ ಎಂದು ನಮ್ಮಿಬ್ಬರನ್ನು ಅಂಗಳಕ್ಕೆ ಕಳಿಸಿದಾಗ ಅವರು ಕೇಳಿದ ಮೊದಲ ಮಾತು, ‘ಒಳಗಡೆ ನನ್ನ ಪಾಪದವ್ರು ಅಂದ್ರಲ್ಲ, ನಾನೇನ್ರೀ ಪಾಪ ಮಾಡಿದ್ದೀನಿ?’ ನಾನು ಕನ್ನಡ ಎಂ.ಎ. ಓದುತ್ತಿದ್ದವಳು, ಸಿಕ್ಕಿದ್ದೇ ಅವಕಾಶವೆಂದು ತುಳಸಿಕಟ್ಟೆಯ ಪಕ್ಕ ನಿಂತೇ ಪಾಠ ಮಾಡಿದೆ. ಇಲ್ಲಿ ಪಾಪದವರು ಎಂದರೆ ಸಾಧು ಮನುಷ್ಯರು, ನಿಮ್ಮೂರಿನ ಪಾಪ ಅಲ್ಲ, ಇದು ಹೊಗಳಿಕೆ. ಅವರು ನಕ್ಕರು. ಆಮೇಲೆ, ‘ಹೆಣ್ಮಕ್ಳಿಗೂ ಹಂಗೇ ಅಂತೀರಾ?’ ಎಂದು ಕೇಳಿದರು. ‘ಎಲ್ರಿಗೂ ಹಾಗೇ’ ಎಂದೆ. ಸ್ವಲ್ಪ ಹೊತ್ತು ಹೊರಗೆ ನಿಂತಿದ್ದ ಜೀಪನ್ನೇ ನೋಡಿದರು. ‘ಸರಿ ಹಾಗಾದ್ರೆ’ ಎಂದು ಒಳಗೆ ಹೋದರು. ನಾಚಿಕೆಯ ಮನುಷ್ಯ ಎಂದುಕೊಂಡೆ.

ಮದುವೆಯಾದ ಮೇಲೆ ಅವರು ಮೂಡಿಗೆರೆಗೆ ವರ್ಗ ಮಾಡಿಸಿಕೊಂಡರು. ಆಗಿನಿಂದ ನಮ್ಮ ಮನೆಯಲ್ಲಿ ಜಗಳವೆಂದರೆ ಪದಗಳದ್ದೇ. ಅವರ ‘ಏನು’ ಸರಿಯೋ ನಮ್ಮ ‘ಎಂತ’ ಸರಿಯೋ. ಬೇಜಾರು ಎಂದರೆ ಹೊತ್ತು ಹೋಗದಿರುವುದೋ, ಮನಸ್ಸಿಗೆ ನೋವಾಗುವುದೋ. ‘ನಂಗೆ ಬೇಜಾರಾಯ್ತು’ ಎಂದು ನಾನು ಅಳುತ್ತಾ ಹೇಳಿದರೆ ‘ಹಾಗಾದ್ರೆ ಟೀವಿ ಹಾಕು’ ಎಂದ ಮಹಾನುಭಾವರು ಅವರು. ಇಲ್ಲಿಗೆ ಬಂದ ಹೊಸದರಲ್ಲಿ ಒಂದು ಎಸ್ಟೇಟಿಗೆ ದನ ನೋಡಲು ಹೋದಾಗ, ‘ರೈಟ್ರು ಬರ್ತಾರೆ, ಕೂತ್ಕೊಳ್ಳಿ’ ಎಂದರಂತೆ. ಇವರು ತಲೆ ಬಾಚಿಕೊಂಡು ಕೂತು, ಬಂದವರಿಗೆ ಕೈಮುಗಿದು, ‘ಯಾವ ಯಾವ ಪುಸ್ತಕ ಬರ್ದಿದ್ದೀರಿ ಸಾರ್?’ ಎಂದು ಕೇಳಿದ್ದಾರೆ. ಆತ ಆಳುಗಳ ಹಾಜರಿ ಬರೆಯುವ ಗುಮಾಸ್ತ. ‘ಚೆಕ್‌ರೋಲ್ ಬರೀತೇನೆ ಡಾಕ್ಟ್ರೇ’ ಎಂದರಂತೆ. ಇಂಥ ಕಥೆಗಳಲ್ಲಿ ನಾನು ಯಾವಾಗಲೂ ಗೆಲ್ಲುತ್ತಿದ್ದೆ. ಪದ ನನ್ನ ಕಡೆಗಿದೆ ಎಂಬ ಧೈರ್ಯ ನನಗೆ.

ಈ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಸಂಸೆಯಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ತಂಗಿ ಎಂದರೆ ಇವಳೇ, ಚಿಕ್ಕಪ್ಪನ ಮಗಳು. ಅಂಗಳದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಒಂದು ಬದಿಗೆ ರಾಶಿ ಮಾಡಿ, ಇನ್ನೊಂದು ಬದಿಗೆ ಶಾಮಿಯಾನ ಹಾಕಿದ್ದರು. ಹುಡುಗನ ಕಡೆಯವರು ಮೈಸೂರಿನವರು. ಹಾಗಾಗಿ ನನ್ನ ಗಂಡನಿಗೆ ಊರ ಕಡೆಯವರು ಸಿಕ್ಕಿದ ಸಂಭ್ರಮ, ಬೆಳಿಗ್ಗೆಯಿಂದ ಅವರ ಜೊತೆಯೇ ಹರಟೆ.

ತಂಗಿ ಹಸಿರು ಸೀರೆ ಉಟ್ಟಿದ್ದಳು. ಅವಳಿಗೆ ಕೂದಲು ಇನ್ನೂ ಕಪ್ಪು, ಸೊಂಟವೂ ಇದ್ದಲ್ಲೇ ಇತ್ತು. ನಾನು ಬಣ್ಣ ಹಚ್ಚಿಕೊಂಡು ಹೋಗಿದ್ದೆ. ‘ಅಕ್ಕ, ಬಾ’ ಎಂದು ಕೈಹಿಡಿದುಕೊಂಡಳು. ಹೊಟ್ಟೆಕಿಚ್ಚು ಪಡಲೂ ಬಿಡದ ಹೆಂಗಸು ಅದು.

ತಟ್ಟೆ ಬದಲಾಯಿಸುವ ಮೊದಲು ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದೆವು. ಹುಡುಗನ ತಾಯಿ ಗೋಣಿಬೀಡಿನ ದೊಡ್ಡಮ್ಮನ ಪಕ್ಕ ಕೂತಿದ್ದರು. ದೊಡ್ಡಮ್ಮನಿಗೆ ಈಗ ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ.

‘ಹುಡುಗಿ ಜಾಸ್ತಿ ಮಾತಾಡಲ್ಲ ಅಲ್ವಾ?’ ಎಂದು ಆಕೆ ಕೇಳಿದರು.

‘ಇಲ್ಲಮ್ಮ, ಅದಕ್ಕೆ ಎಂತದೂ ಗೊತ್ತಿಲ್ಲ’ ಎಂದರು ದೊಡ್ಡಮ್ಮ. ‘ಪಾಪದ ಕೂಸು ಅದು. ಅದರ ಅಮ್ಮನೂ ಹಾಗೇ. ಪಾಪದ ಕೂಸೇ.’

ಹುಡುಗನ ತಾಯಿಯ ಲೋಟ ತುಟಿಯ ಹತ್ತಿರವೇ ನಿಂತಿತು. ನಮ್ಮಲ್ಲಿ ಕೂಸು ಎಂದರೆ ಹುಡುಗಿ, ಎಷ್ಟು ದೊಡ್ಡವಳಾದರೂ. ಆದರೆ ಆ ಕಡೆ ಪಾಪದ ಕೂಸು ಎಂದರೆ ಮದುವೆಯಿಲ್ಲದೆ ಹುಟ್ಟಿದ್ದು. ಮಗಳೂ ಹಾಗೆ, ತಾಯಿಯೂ ಹಾಗೆ ಎಂದು ಮನೆಯ ಹಿರಿಯರೇ ಇಷ್ಟು ಸಮಾಧಾನದಿಂದ ಹೇಳುವುದನ್ನು ಕೇಳಿ ಆಕೆಯ ಮುಖದ ಬಣ್ಣ ಹೋಯಿತು. ತಮ್ಮ ಗಂಡನ ಕಡೆ ನೋಡಿ ಕಣ್ಣಲ್ಲೇ ಏನೋ ಹೇಳಿದರು.

ಅಷ್ಟರಲ್ಲಿ ನನ್ನ ಗಂಡ ಜೋರಾಗಿ ನಕ್ಕು ಎದ್ದುನಿಂತರು. ‘ಅಯ್ಯೋ, ಗಾಬರಿಯಾಗಬೇಡಿ ಅಮ್ಮ! ಇವರ ಪಾಪ ನಮ್ಮ ಪಾಪ ಅಲ್ಲ. ಸಾಧು ಹುಡುಗಿ ಅಂತ. ನಮ್ಮಮ್ಮನೂ ಹಿಂಗೇ ಗೋಣಿಬೀಡಲ್ಲಿ ಇದೇ ಮಾತು ಕೇಳಿ ಬೆಚ್ಚಿಬಿದ್ದು, ಸಂಸೆಗೆ ಹೋಗೋದೇ ಬೇಡ, ಕಳಸದ ಹುಡುಗೀನೇ ನೋಡ್ಕೊಂಡು...’

ಅಲ್ಲಿಗೆ ನಿಂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕೋಸಂಬರಿಯ ಪಾತ್ರೆ ಹಿಡಿದು ಬರುತ್ತಿದ್ದ ತಂಗಿಯೂ ನಿಂತಳು. ಆಮೇಲೆ ನಕ್ಕಳು. ‘ಅದಕ್ಕೇನಾ ಭಾವ? ನಾವು ಇಷ್ಟು ವರ್ಷ, ಎಂತಕ್ಕಿರಬಹುದು ಅಂತ ಯೋಚನೆ ಮಾಡಿದ್ದೇ ಬಂತು. ಅವತ್ತು ಅಮ್ಮ ಕೇಸರಿಬಾತ್ ಮಾಡಿದ್ಲು. ಸಂಜೆ ತನಕ ಕಾದು ನಾವೇ ತಿಂದದ್ದು.’

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮ ಮನೆಯಲ್ಲಿ ಸಿಹಿ ಇರಲಿಲ್ಲ, ಅವಳ ಮನೆಯಲ್ಲಿ ಕೇಸರಿಬಾತ್ ಇತ್ತು. ತಾಯಿ, ಮಗ ಊರಿನಿಂದ ಹೊರಟದ್ದು ಸಂಸೆಗೆಂದು. ನಮ್ಮ ಮನೆ ದಾರಿಯಲ್ಲಿ ಸಿಕ್ಕಿತು, ಅಷ್ಟೇ. ಅಪ್ಪ, ಅಮ್ಮ, ಚಿಕ್ಕಪ್ಪ, ದೊಡ್ಡಮ್ಮ, ಎಲ್ಲರಿಗೂ ಗೊತ್ತಿತ್ತು. ನಾನು ಜೋರು, ಗೊತ್ತಾದರೆ ರಂಪ ಮಾಡುತ್ತೇನೆಂದು ಯಾರೂ ಬಾಯಿಬಿಟ್ಟಿಲ್ಲ. ಅವಳಿಗಿಂತ ನನಗೆ ಹೆಚ್ಚಿಗೆ ಸಿಕ್ಕಿದ್ದ ಒಂದೇ ಒಂದು ವಸ್ತು, ಅದೂ ಅವಳದ್ದೇ.

ಇತ್ತ ಪದದ ಜಗಳ ಹತ್ತಿಕೊಂಡಿತು. ಮುಹೂರ್ತಕ್ಕೆ ಬಂದಿದ್ದ ಪುರೋಹಿತರು, ನಮಗೆ ದೂರದ ಸಂಬಂಧಿಯೂ ಹೌದು, ಸುಮ್ಮನಿರಲಾರದೆ ಹೇಳಿದರು. ‘ಡಾಕ್ಟ್ರು ಹೇಳಿದ್ದು ಸರಿಯಲ್ಲ. ಪಾಪ ಅಂದ್ರೆ ಪಾಪವೇ, ಪುಣ್ಯಕ್ಕೆ ವಿರುದ್ಧ. ದಿನಾ ಸಂಕಲ್ಪದಲ್ಲಿ ಅದು ಹೋಗ್ಲಿ ಅಂತಲೇ ಹೇಳುದು.’

ಹುಡುಗನ ತಾಯಿ ಲೋಟವನ್ನು ಕೆಳಗಿಟ್ಟರು.

‘ಹಾಗಾದ್ರೆ ಅಯ್ಯೋ ಪಾಪ ಅಂತೇವಲ್ಲ, ಅದು?’ ಎಂದು ತಂಗಿಯ ಗಂಡ ಕೇಳಿದ.

‘ಅದೂ ಅದೇ ಮಾರಾಯ. ಅವನ ಪಾಪದ ಫಲ ಅವನು ಉಣ್ತಾ ಇದ್ದಾನೆ ಅಂತ ಅರ್ಥ.’

‘ಅಯ್ಯೋ ಪಾಪ ಅಂತ ನಾವೂ ಅಂತೀವಿ’ ಎಂದರು ಹುಡುಗನ ತಾಯಿ, ಧ್ವನಿ ಇನ್ನೂ ತಣ್ಣಗಿತ್ತು. ‘ಆದ್ರೆ ಪಾಪದ ಕೂಸು ಅಂತ ಯಾರಿಗೂ ಅನ್ನಲ್ಲ.’

‘ನಾನು ಹುಟ್ಟಿದಾಗಿಂದ ಹೇಳ್ತಾ ಇದ್ದೇನೆ, ಎಂತ ತಪ್ಪು?’ ದೊಡ್ಡಮ್ಮನಿಗೆ ಸಿಟ್ಟು ಬಂದಿತ್ತು. ‘ಕನ್ನಡ ಟೀಚರ್ ಇಲ್ಲೇ ಉಂಟಲ್ಲ, ಅದರ ಹತ್ರ ಕೇಳಿ. ಅದು ಜೋರು.’

ಎಲ್ಲರ ಕಣ್ಣು ನನ್ನ ಮೇಲೆ. ನನ್ನ ಹೊಟ್ಟೆಯಲ್ಲಿ ಆಗ ಇದ್ದದ್ದು ವ್ಯಾಕರಣವಲ್ಲ, ಉರಿ. ಪುರೋಹಿತರು ಹೇಳಿದ್ದೇ ಸರಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಹೆಂಗಸಿನ ಮನಸ್ಸಿನಲ್ಲಿ ಸಂಶಯ ಉಳಿಯುತ್ತಿತ್ತು, ಮಾಡಿದ ಕೇಸರಿಬಾತನ್ನು ಮತ್ತೊಮ್ಮೆ ಇವರೇ ತಿನ್ನಬೇಕಾಗುತ್ತಿತ್ತು. ಹಾಗೆ ಅನ್ನಿಸಿದ್ದು ನಿಜ. ಆದರೆ ಒಳಗಿನ ಬಾಗಿಲಲ್ಲಿ ಸೀರೆಯ ನೆರಿಗೆ ಹಿಡಿದುಕೊಂಡು ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅದರ ಜೊತೆ, ತಪ್ಪು ಅರ್ಥವನ್ನು ಸರಿಯೆಂದು ಹೇಳುವುದು ನನ್ನ ನಾಲಿಗೆಗೆ ಒಗ್ಗುವುದೂ ಇಲ್ಲ.

‘ಪಾಪ ಎರಡು ಉಂಟು’ ಎಂದೆ. ‘ಒಂದು ಭಟ್ರು ಹೇಳಿದ್ದು, ಸಂಸ್ಕೃತದ್ದು. ಇನ್ನೊಂದು ಮನೆಯೊಳಗಿನದ್ದು. ಎತ್ತಿಕೊಳ್ಳುವ ಮಗುವನ್ನು ಪಾಪು ಅಂತೇವೆ, ಪಾಪಚ್ಚಿ ಅಂತೇವೆ. ಕಣ್ಣೊಳಗಿನ ಗೊಂಬೆಯನ್ನು ಪಾಪೆ ಅಂತೇವೆ. ಅವು ಯಾರಿಗೆ ಎಂತ ಪಾಪ ಮಾಡಿದಾವೆ? ದೊಡ್ಡಮ್ಮ ಹೇಳಿದ್ದು ಈ ಪಾಪ. ಮಗುವಿನಂಥ ಮನಸ್ಸಿನ ಹುಡುಗಿ ಅಂತ. ಈ ಊರಲ್ಲಿ ಒಂದು ಹುಡುಗಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.’

ಇದು ಭಾಷಾಶಾಸ್ತ್ರವೋ, ಬಾಯಿಗೆ ಬಂದದ್ದೋ, ವಿದ್ವಾಂಸರು ನೋಡಿಕೊಳ್ಳಲಿ. ಹುಡುಗನ ತಾಯಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ‘ಪಾಪು, ಪಾಪಚ್ಚಿ, ಹೌದಲ್ವಾ?’ ಎಂದು ನಕ್ಕು ಲೋಟ ಎತ್ತಿಕೊಂಡರು. ಪುರೋಹಿತರು ಮಾತ್ರ ಒಪ್ಪದೆ ಪಂಚಾಂಗ ತೆರೆದರು. ‘ನೋಡಿದ್ರಾ, ನಾನು ಹೇಳ್ಲಿಲ್ವಾ, ಜೋರು’ ಎಂದು ದೊಡ್ಡಮ್ಮ ಬೀಗಿದರು. ತಂಗಿಯ ಕಣ್ಣಲ್ಲಿ ನೀರು ಬಂದಿತ್ತು. ಸುತ್ತ ಇದ್ದ ಹೆಂಗಸರೆಲ್ಲ ಅವಳ ಭುಜ ತಟ್ಟಿ ಏನೆಂದರು ಹೇಳಿ? ‘ಪಾಪ, ಹೆದರಿಬಿಟ್ಟಿತ್ತು.’ ಅವಳ ಮಗಳ ಮದುವೆ ಉಳಿಯಿತು. ಅದೇ ಅಂಗಳದಲ್ಲಿ ನನ್ನ ಮದುವೆ ಕಾಫಿ ರಾಶಿಯ ಪಕ್ಕ ಮಗುಚಿ ಬಿದ್ದಿತ್ತು. ಅದಕ್ಕೆ ಪಾಪ ಎನ್ನುವವರು ಒಬ್ಬರೂ ಇರಲಿಲ್ಲ.

ಊಟ ಮಾಡಿದ ಶಾಸ್ತ್ರ ಮಾಡಿ ಹೊರಟೆವು. ಕಳಸ ದಾಟಿದೆವು, ಅಪ್ಪನ ಮನೆಯ ತಿರುವು ದಾಟಿದೆವು. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಅವರು ಎರಡು ಸಲ ಕೆಮ್ಮಿದರು. ಕೊಟ್ಟಿಗೆಹಾರದಲ್ಲಿ ಎಂದಿನಂತೆ ಹೋಟೆಲಿನ ಮುಂದೆ ಕಾರು ನಿಲ್ಲಿಸಿದರು. ಎಂದಿನಂತೆ ನೀರುದೋಸೆ ಹೇಳಿದರು.

‘ಫೋಟೋ ನೋಡಿದ್ರಾ?’ ಎಂದೆ.

‘ಯಾರ್ದು?’

‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಬೇಡಿ. ಅವಳದ್ದು.’

‘ನೋಡಿದ್ದೆ. ದೊಡ್ಡಮ್ಮ ಕಳಿಸಿದ್ರು.’

‘ಹೇಗಿತ್ತು?’

‘ಚೆನ್ನಾಗಿತ್ತು ಕಣೆ.’

ಒಂದು ಕ್ಷಣವೂ ಯೋಚಿಸಲಿಲ್ಲ ಮನುಷ್ಯ. ‘ಅಂದ್ರೆ ಪದದ ಅರ್ಥ ಗೊತ್ತಿದ್ದಿದ್ರೆ ಅವಳನ್ನೇ ಮಾಡ್ಕೊಳ್ತಿದ್ರಿ. ನಿಮ್ಮಮ್ಮ ತಪ್ಪು ತಿಳ್ಕೊಂಡ್ರು, ನೀವು ನಂಗೆ ಸಿಕ್ಕಿದ್ರಿ. ನಾನು ಇಷ್ಟು ವರ್ಷ ಯಾರದ್ದೋ ಜಾಗದಲ್ಲಿ ಕೂತಿದ್ದೇನೆ.’

ಅವರು ದೋಸೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಗುಟ್ಟು ಹೊರಬಿದ್ದ ಗಾಬರಿ ಇರಲಿಲ್ಲ, ನಿಜವಾಗಿಯೂ ಅರ್ಥವಾಗದ ಮುಖ.

‘ಅರ್ಥ ಗೊತ್ತಿತ್ತಲ್ಲೇ ನಂಗೆ.’

‘ಯಾವಾಗ?’

‘ಅವತ್ತೇ. ನೀನೇ ಹೇಳ್ಕೊಟ್ಟೆಯಲ್ಲ, ತುಳಸಿಕಟ್ಟೆ ಹತ್ರ. ಹೆಣ್ಮಕ್ಳಿಗೂ ಹಂಗೇ ಅಂತೀರಾ ಅಂತ ನಾನು ಕೇಳ್ಲಿಲ್ವಾ?’

ಕೇಳಿದ್ದರು. ಸ್ಟಾಫ್ ರೂಮಿನಲ್ಲಿ ಆ ಮಾತನ್ನು ನಾನೇ ಎಷ್ಟೋ ಸಲ ನಟಿಸಿ ತೋರಿಸಿದ್ದೇನೆ. ಕೇಳಿ, ಜೀಪಿನ ಕಡೆ ನೋಡಿದ್ದರು. ಜೀಪು ಬಾಡಿಗೆಗಿತ್ತು, ಹಗಲು ಬೇಕಾದಷ್ಟಿತ್ತು, ಸಂಸೆ ಕೂಗಳತೆಯಲ್ಲಿತ್ತು, ತಾಯಿ ಜಗಲಿಯಲ್ಲೇ ಕೂತಿದ್ದರು.

‘ನಿಮ್ಮಮ್ಮಂಗೆ ಎಂತಕ್ಕೆ ಹೇಳ್ಲಿಲ್ಲ?’

‘ಹೇಳಿದ್ರೆ ಸಂಸೆಗೆ ಕರ್ಕೊಂಡ್ ಹೋಗಿಬಿಡೋರು’ ಎಂದು ಮತ್ತೆ ದೋಸೆಗೆ ಕೈಹಾಕಿದರು. ‘ಬಾಯಿ ಉರ್ಕೊಂಡು ಸಾಯ್ತಾ ಇದ್ದೆ. ಅಷ್ಟು ಜನ ಕೂತ್ಕೊಂಡು ನೋಡ್ತಿದ್ರು. ನೀರು ತಂದ್ಕೊಟ್ಟೋಳು ನೀನೊಬ್ಳೇ. ಅಷ್ಟು ಜೋರಿರೋ ಹುಡುಗೀನ ಬಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲ.’

ನಾನು ತಲೆ ತಗ್ಗಿಸಿ ದೋಸೆ ತಿಂದೆ. ಚಟ್ನಿಯಲ್ಲಿ ಖಾರ ಇರಲಿಲ್ಲ, ಆದರೂ ಕಣ್ಣು ಒರೆಸಿಕೊಳ್ಳಬೇಕಾಯಿತು. ಅವರು ತಮ್ಮ ಲೋಟದ ನೀರನ್ನು ನನ್ನ ಕಡೆ ಸರಿಸಿದರು. ಕುಡಿದೆ. ಕಾಫಿ ಬಂತು, ಅದನ್ನೂ ಕುಡಿದೆ. ಕಾರಿನಲ್ಲಿ ಕೂತ ಮೇಲೆ ತಡೆಯಲಾಗದೆ ಕೇಳಿದೆ.

‘ಫೋಟೋ ಅಷ್ಟು ಚೆನ್ನಾಗಿತ್ತಾ?’

‘ತುಂಬಾ’ ಎಂದರು.

ಮೂಡಿಗೆರೆ ಮುಟ್ಟುವವರೆಗೂ ನಾನು ಅವರ ಹತ್ತಿರ ಮಾತಾಡಲಿಲ್ಲ. ಪಾಪದವರು. ಕೇಳಿದರೆ ಒಂದು ಸುಳ್ಳು ಹೇಳುವುದಕ್ಕೂ ಬರುವುದಿಲ್ಲ.